ಅಳಿವೆಗೆ ಮಳೆಗಾಲವೂ ಬೇಕು, ಬೇಸಿಗೆಯೂ ಬೇಕು

ಪಶ್ಚಿಮಕ್ಕೆ ಹರಿಯುವ ನದಿಗಳ ಬಗ್ಗೆ ಬರೆದಾಗಲೆಲ್ಲ ಓದುಗರಿಂದ ತಪ್ಪದೆ ಬರುವ ಪ್ರಶ್ನೆ ಒಂದಿದೆ. ಮಳೆಗಾಲದ ನಾಲ್ಕು ತಿಂಗಳು ಇಷ್ಟೊಂದು ನೀರು ಸುಮ್ಮನೆ ಸಮುದ್ರ ಸೇರುತ್ತದಲ್ಲ, ಅದರಲ್ಲಿ ಒಂದು ಪಾಲನ್ನು ಬಯಲುಸೀಮೆಗೆ ಹರಿಸಿದರೆ ಯಾರ ಗಂಟು ಹೋಗುತ್ತದೆ? ಕೇಳುವವರಲ್ಲಿ ಹೆಚ್ಚಿನವರು ಕೋಲಾರ, ಚಿಕ್ಕಬಳ್ಳಾಪುರ, ಹಾವೇರಿ, ಗದಗದ ಕಡೆಯವರು. ಕೊರೆದಷ್ಟೂ ಆಳಕ್ಕಿಳಿಯುವ ಬೋರ್‌ವೆಲ್‌ಗಳ ನಡುವೆ ಬದುಕುವವರ ಪ್ರಶ್ನೆ ಅದು. ಅವರ ಬಾಯಾರಿಕೆ ಸುಳ್ಳಲ್ಲ, ಪ್ರಶ್ನೆಯೂ ತಪ್ಪಲ್ಲ. ಆದರೆ ‘ಸುಮ್ಮನೆ’ ಎಂಬ ಆ ಒಂದು ಮಾತನ್ನು ನಾನು ಒಪ್ಪಲಾರೆ. ಯಾಕೆಂದು ಹೇಳಬೇಕಾದರೆ ನದಿ ಕಡಲು ಸೇರುವ ಜಾಗಕ್ಕೇ ಹೋಗಿ ನಿಲ್ಲಬೇಕಾಗುತ್ತದೆ.

ಯೋಜನೆಗಳ ಭಾಷೆಯಲ್ಲಿ ನೀರಿಗೆ ಇರುವುದು ಒಂದೇ ಅಳತೆ: ವರ್ಷಕ್ಕೆ ಇಷ್ಟು ಟಿಎಂಸಿ. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತಕ್ಕೆ ಚಾಲನೆ ಸಿಕ್ಕ ಎತ್ತಿನಹೊಳೆ ಯೋಜನೆಯದು 24.01 ಟಿಎಂಸಿ ಲೆಕ್ಕ. ಬೇಡ್ತಿ–ವರದಾ ಜೋಡಣೆ, ಅಘನಾಶಿನಿ–ವೇದಾವತಿ ಜೋಡಣೆಯ ಪ್ರಸ್ತಾವಗಳ ಚರ್ಚೆಯೂ ಇದೇ ಅಳತೆಯಲ್ಲೇ ನಡೆಯುತ್ತದೆ. ನದಿಯಲ್ಲಿ ಒಟ್ಟು ಇಷ್ಟಿದೆ, ಬಳಕೆ ಇಷ್ಟು, ಉಳಿದದ್ದು ಹೆಚ್ಚುವರಿ. ಅಳಿವೆಯ ಬದುಕು ನಡೆಯುವುದು ಈ ವಾರ್ಷಿಕ ಲೆಕ್ಕದ ಮೇಲಲ್ಲ. ಜೂನ್‌ನಲ್ಲಿ ಎಷ್ಟು ಬಂತು, ಅಕ್ಟೋಬರ್‌ನಲ್ಲಿ ಎಷ್ಟಕ್ಕೆ ಇಳಿಯಿತು, ಮಾರ್ಚ್‌ನಲ್ಲಿ ಎಷ್ಟು ಸೊರಗಿತು ಎಂಬುದರ ಮೇಲೆ ಅಲ್ಲಿ ಏನು ಹುಟ್ಟುತ್ತದೆ, ಏನು ಸಾಯುತ್ತದೆ ಎಂಬುದು ನಿಂತಿದೆ.

ನಮ್ಮ ಕರಾವಳಿಯಲ್ಲಿ ವರ್ಷದ ಮಳೆಯ ಶೇಕಡ 80ಕ್ಕೂ ಹೆಚ್ಚು ಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ ಸುರಿದುಬಿಡುತ್ತದೆ. ಸಹ್ಯಾದ್ರಿಯ ನೆತ್ತಿಯಿಂದ ಕಡಲಿಗೆ ದೂರ ಕಡಿಮೆ, ಇಳಿಜಾರು ಜಾಸ್ತಿ. ಹಾಗಾಗಿ ಘಟ್ಟದಲ್ಲಿ ರಾತ್ರಿ ಸುರಿದ ಮಳೆ ಒಂದೆರಡು ದಿನದೊಳಗೆ ಅಳಿವೆ ಬಾಗಿಲಲ್ಲಿರುತ್ತದೆ. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಜುಲೈನ ಕೆಂಪು ನೀರು ಆ ಉಪ್ಪನ್ನೆಲ್ಲ ಅಳಿವೆಯಿಂದ ಹೊರಕ್ಕೆ ದೂಡುತ್ತದೆ. ಮೇಲ್ಪದರದ ನೀರನ್ನು ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿಕೊಂಡರೆ ಚಪ್ಪೆ. ಉಪ್ಪುನೀರು ಭಾರ, ಸಿಹಿನೀರು ಹಗುರ. ಆದ್ದರಿಂದ ಅಳಿವೆ ಬಾಯಿಯ ಆಳದ ಗುಂಡಿಗಳಲ್ಲಿ ಮಾತ್ರ ಸ್ವಲ್ಪ ಉಪ್ಪು ತಳ ಹಿಡಿದು ಕೂತಿರುತ್ತದೆ. ಮಳೆ ಹಿಂದೆಗೆದಂತೆ ಕಡಲು ಮರಳಿ ಒಳಬರಲು ತೊಡಗುತ್ತದೆ. ನವೆಂಬರ್, ಡಿಸೆಂಬರ್ ಹೊತ್ತಿಗೆ ಪ್ರತಿ ಭರತದಲ್ಲೂ ಉಪ್ಪು ಇನ್ನೊಂದಿಷ್ಟು ಮೇಲಕ್ಕೆ ಹತ್ತುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅಳಿವೆ ಹೆಚ್ಚುಕಡಿಮೆ ಕಡಲಿನಷ್ಟೇ ಉಪ್ಪು. ಒಂದೇ ಜಾಗ ವರ್ಷದಲ್ಲಿ ಒಮ್ಮೆ ನದಿಯಾಗಿ, ಇನ್ನೊಮ್ಮೆ ಕಡಲಾಗಿ ಬಾಳುತ್ತದೆ. ಇಲ್ಲಿನ ಮೀನು, ಸೀಗಡಿ, ಚಿಪ್ಪಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಎಲ್ಲವೂ ಈ ಏರಿಳಿತಕ್ಕೆ ಹೊಂದಿಕೊಂಡೇ ಬೆಳೆದಿವೆ.

ಇದನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ನಾನು ಹೇಳುವುದು ಅಘನಾಶಿನಿಯ ಹೆಸರನ್ನು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಅಗಲವಾಗಿ ಹರಡಿಕೊಂಡು, ತದಡಿಯ ಹತ್ತಿರ ಕಡಲು ಸೇರುವ ಈ ನದಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಮಳೆಗಾಲ ಮಳೆಗಾಲದಂತೆಯೂ ಬೇಸಿಗೆ ಬೇಸಿಗೆಯಂತೆಯೂ ಅಳಿವೆ ತಲುಪುವ ನದಿಗಳು ಈಗ ಕಡಿಮೆ. ಅವುಗಳಲ್ಲಿ ಇದು ಒಂದು.

ಏಪ್ರಿಲ್‌ ತಿಂಗಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಬೆಳಗಿನ ಇಳಿತಕ್ಕೆ ಅಲ್ಲಿಗೆ ಹೋಗಬೇಕು. ನೀರು ಹಿಂದೆ ಸರಿದು ಮರಳ ದಿಬ್ಬಗಳು ತಲೆ ಎತ್ತಿರುತ್ತವೆ. ಹೆಂಗಸರು ಗುಂಪುಗುಂಪಾಗಿ ಇಳಿಯುತ್ತಾರೆ. ನಾನು ಬಹಳ ಹೊತ್ತು ಮಾತಾಡಿಸಿದ ಒಬ್ಬರು ಸೊಂಟದ ಮಟ್ಟದ ನೀರಿನಲ್ಲಿದ್ದರು. ಹಗ್ಗದಿಂದ ಸೊಂಟಕ್ಕೆ ಕಟ್ಟಿದ ಅಲ್ಯೂಮಿನಿಯಂ ಪಾತ್ರೆ ಹಿಂದೆ ತೇಲುತ್ತಿತ್ತು. ಕಣ್ಣಿಗೆ ಅಲ್ಲಿ ಕೆಲಸವೇ ಇಲ್ಲ. ಅವರು ಪಾದದಿಂದಲೇ ಮರಳನ್ನು ತಡವುತ್ತ ನಡೆಯುತ್ತಾರೆ, ಬೆರಳಿಗೆ ಗಟ್ಟಿಯಾದದ್ದು ತಾಗಿದ ಕಡೆ ಮುಳುಗು ಹಾಕಿ ಬೊಗಸೆ ತುಂಬ ಬೆಳಚು ಎಂಬ ಚಿಪ್ಪಿ ಎತ್ತುತ್ತಾರೆ. ಉಗುರಿಗಿಂತ ಸಣ್ಣದು ಕಂಡರೆ ಅಲ್ಲೇ ಬಿಡುತ್ತಾರೆ. ಚಿಪ್ಪಿನ ಅಂಚು ಕೊಯ್ದು ಕೊಯ್ದು ಅವರ ಬೆರಳ ತುದಿಗಳು ಬಿಳಿಚಿ ಗೀರುಬಿದ್ದಿದ್ದವು.

‘ಮಳೆ ನೀರು ಬಂತು ಅಂದ್ರೆ ಇದೆಲ್ಲ ಸಾಯ್ತದೆ’ ಎಂದರು.

‘ಹಾಗಾದರೆ ಮುಂದಿನ ವರ್ಷಕ್ಕೆ ಎಲ್ಲಿಂದ ಬರ್ತದೆ ಅಕ್ಕ?’ ಎಂದು ಕೇಳಿದೆ.

‘ದೀಪಾವಳಿ ಕಳೆದ ಮೇಲೆ ಬಂದು ನೋಡಿ. ಎಳ್ಳಿನಷ್ಟು ಎಳ್ಳಿನಷ್ಟು ಮರಿ ಇರ್ತದೆ. ಮಳೆ ಸರಿಯಾಗಿ ಬರದಿದ್ದ ವರ್ಷ ಅದೂ ಕಮ್ಮಿ.’

ಅವರ ಮಾತನ್ನು ಜೀವವಿಜ್ಞಾನದ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಅಳಿವೆಯ ಬಾಯಿಗೆ ಹತ್ತಿರವಿರುವ, ಉಪ್ಪು ಹೆಚ್ಚು ಬೇಡುವ ಬೆಳಚಿನ ಜಾತಿಗಳು ಜೂನ್, ಜುಲೈನ ಸಿಹಿನೀರನ್ನು ತಾಳಲಾರದೆ ರಾಶಿರಾಶಿಯಾಗಿ ಸಾಯುತ್ತವೆ. ಎಲ್ಲವೂ ಅಲ್ಲ. ತಳದಲ್ಲಿ ಉಪ್ಪು ಉಳಿದಿರುವ ಕಡೆ ಒಂದಿಷ್ಟು ಬದುಕಿಕೊಳ್ಳುತ್ತವೆ. ಮಳೆ ಮುಗಿದು ಉಪ್ಪು ಮರಳುವಾಗ ಅವು ಮೊಟ್ಟೆ ಬಿಡುತ್ತವೆ. ಕಣ್ಣಿಗೆ ಕಾಣದ ಮರಿಗಳು ಒಂದೆರಡು ವಾರ ನೀರಿನಲ್ಲಿ ತೇಲಿ, ಮರಳಿನ ಮೇಲೆ ಇಳಿದು ನೆಲೆಯೂರುತ್ತವೆ. ಅಷ್ಟು ಹೊತ್ತಿಗೆ ಪ್ರವಾಹವು ದಿಬ್ಬದ ಮೇಲಿನ ಕೆಸರನ್ನು ತೊಳೆದು ಹೊಸ ಮರಳು ಹಾಸಿರುತ್ತದೆ, ಘಟ್ಟದ ಎಲೆ ಮಣ್ಣಿನ ಸಾರ ತಂದು ಸೂಕ್ಷ್ಮ ಪಾಚಿ ಬೆಳೆಯುವಂತೆ ಮಾಡಿರುತ್ತದೆ. ಮರಿಗಳಿಗೆ ಆ ಪಾಚಿಯೇ ಊಟ. ಒಂದು ಪೀಳಿಗೆಯನ್ನು ಕೊಲ್ಲುವ ನೆರೆಯೇ ಮುಂದಿನ ಪೀಳಿಗೆಗೆ ಹಾಸಿಗೆ, ಊಟ ಎರಡನ್ನೂ ಸಿದ್ಧ ಮಾಡುತ್ತದೆ. ಅವು ಬಲಿಯಲು ಬೇಸಿಗೆಯ ಉಪ್ಪು ಬೇಕು. ಎರಡರಲ್ಲಿ ಯಾವುದು ತಪ್ಪಿದರೂ ಹೆಂಗಸರ ಪಾತ್ರೆ ತುಂಬುವುದಿಲ್ಲ.

ಇದೇನೂ ಸಣ್ಣ ಬಾಬತ್ತಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಎಂ.ಡಿ. ಸುಭಾಷ್ ಚಂದ್ರನ್ ಅವರ ತಂಡ 2008ರ ಸುಮಾರಿಗೆ ಮಾಡಿದ ಅಧ್ಯಯನದಲ್ಲಿ, ಈ ಒಂದು ಅಳಿವೆಯಿಂದ ವರ್ಷಕ್ಕೆ 20 ಸಾವಿರ ಟನ್ನಿಗೂ ಹೆಚ್ಚು ಚಿಪ್ಪಿ ತೆಗೆಯಲಾಗುತ್ತದೆ, ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಅದರಿಂದ ಕೆಲಸ ಎಂಬ ಅಂದಾಜು ಸಿಕ್ಕಿತ್ತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದಾಗ ಕೊಟ್ಟ ವಿವರದಲ್ಲಿ ಮೀನು, ಚಿಪ್ಪಿ, ಏಡಿ, ಗಜನಿ ಬೇಸಾಯ, ಉಪ್ಪು ಎಲ್ಲ ಸೇರಿ ಆರು ಸಾವಿರದಿಂದ ಏಳೂವರೆ ಸಾವಿರ ಕುಟುಂಬಗಳು ಇದನ್ನು ನಂಬಿವೆ ಎಂದಿದೆ.

ಆ ಪಟ್ಟಿಯಲ್ಲಿ ಗಜನಿ ಇದೆಯಲ್ಲ, ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ನದಿಯ ಎರಡು ಋತುಗಳನ್ನು ಒಂದೇ ಗದ್ದೆಯಲ್ಲಿ ದುಡಿಸಿಕೊಳ್ಳುವ ಜಾಣ್ಮೆ ಅದು. ಅಳಿವೆಯ ಅಂಚಿನ ತಗ್ಗು ನೆಲಕ್ಕೆ ಒಡ್ಡು ಕಟ್ಟಿ, ಅದರಲ್ಲಿ ಮರದ ಹಲಗೆ ಇಳಿಬಿಟ್ಟ ಬಾಗಿಲು ಇಡುತ್ತಾರೆ. ಜೂನ್‌ನ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆಯುತ್ತವೆ. ಇಳಿತದ ಹೊತ್ತಿಗೆ ಬಾಗಿಲು ತೆಗೆದು ಆ ಉಪ್ಪುನೀರನ್ನು ಹೊರಬಿಟ್ಟು, ಭರತ ಬರುವ ಮೊದಲು ಮುಚ್ಚುತ್ತಾರೆ. ಹೀಗೆ ಉಪ್ಪು ಇಳಿದ ಮೇಲೆ ಮೊಳಕೆ ಕಟ್ಟಿದ ಕಗ್ಗ ಭತ್ತ ಬಿತ್ತುತ್ತಾರೆ. ಉಳಿದ ತಳಿಗಳು ಸುಟ್ಟುಹೋಗುವಷ್ಟು ಉಪ್ಪನ್ನು ಕಗ್ಗ ತಾಳುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದ್ದರೂ ಏಳುತ್ತದೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ಮಾಣಿಕಟ್ಟಾದಂಥ ಊರಿನಲ್ಲಿ ರೈತರು ಇದನ್ನು ಒಟ್ಟಾಗಿ ಬೆಳೆದಿದ್ದಾರೆ. ಅಕ್ಟೋಬರ್, ನವೆಂಬರ್‌ನಲ್ಲಿ ಕೊಯ್ಲು ಮಾಡುವಾಗ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ.

ಆಮೇಲೆ ಬೇಸಿಗೆಯ ಪಾಳಿ. ಭರತಕ್ಕೆ ಬಾಗಿಲು ತೆರೆದರೆ ಉಪ್ಪುನೀರಿನ ಜೊತೆ ಸೀಗಡಿ ಮರಿ ಒಳಬರುತ್ತವೆ. ಕುಮಟಾ ಕಡೆ ಶೆಟ್ಲಿ ಎನ್ನುತ್ತಾರಲ್ಲ, ಅದೇ. ಸೀಗಡಿ ಮೊಟ್ಟೆಯಿಡುವುದು ಕಡಲಿನಲ್ಲಿ, ಮರಿ ಬೆಳೆಯುವುದು ಅಳಿವೆಯ ಕಾಂಡ್ಲಾ ಬೇರುಗಳ ನಡುವೆ, ಇಂಥ ಗದ್ದೆಗಳಲ್ಲಿ. ಕೊಳೆಯುತ್ತಿರುವ ಕಗ್ಗದ ಹುಲ್ಲು ಅವಕ್ಕೆ ಮೇವಾಗುತ್ತದೆ. ಕೆಲವು ತಿಂಗಳಲ್ಲಿ ಬಲಿತು ಇಳಿತದೊಂದಿಗೆ ಕಡಲಿಗೆ ಹೊರಟವು ಬಾಗಿಲಿಗೆ ಕಟ್ಟಿದ ಬಲೆಗೆ ಬೀಳುತ್ತವೆ. ಮಳೆಗಾಲದ ನೆರೆ ಬಡವಾದರೆ ಕಗ್ಗ ಮೊಳೆಯುವುದಿಲ್ಲ. ಬೇಸಿಗೆಯಲ್ಲಿ ಉಪ್ಪು ಏರದಿದ್ದರೆ ಸೀಗಡಿ ಒಳಬರುವುದಿಲ್ಲ. ಅಲ್ಲೇ ಪಕ್ಕದಲ್ಲಿ ಗೋಕರ್ಣದ ದಾರಿಯ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಆಗರದವರಿಗೆ ನದಿ ಸೊರಗಿದಷ್ಟೂ ಲಾಭ.

ಈಗ ಅಲ್ಲಿಂದ ದಕ್ಷಿಣಕ್ಕೆ ಬನ್ನಿ. ಕುಮಟಾದಿಂದ ಹೆದ್ದಾರಿಯಲ್ಲಿ ಸುಮಾರು 20 ಕಿ.ಮೀ. ಹೋದರೆ ಹೊನ್ನಾವರ, ಶರಾವತಿಯ ಅಳಿವೆ. ಅದೇ ಘಟ್ಟ, ಅದೇ ಮಳೆ, ಅದೇ ಕಡಲು. ಆದರೆ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಬಂತು. 151 ಟಿಎಂಸಿ ಹಿಡಿಸುವ ಜಲಾಶಯ. 2000ದ ದಶಕದ ಆರಂಭದಲ್ಲಿ ಕೆಳಗಡೆ ಗೇರುಸೊಪ್ಪದಲ್ಲಿ 240 ಮೆಗಾವಾಟ್‌ನ ಘಟಕವೂ ಶುರುವಾಯಿತು. ಮಳೆಗಾಲದಲ್ಲಿ ಕಡಲಿಗೆ ಹೋಗಬೇಕಿದ್ದ ನೀರನ್ನು ಹಿಡಿದಿಟ್ಟು ವರ್ಷವಿಡೀ ಟರ್ಬೈನಿಗೆ ಬಿಡುವುದು ಜಲವಿದ್ಯುತ್ತಿನ ಕ್ರಮ. ನಾಡಿಗೆ ದೀಪ ಕೊಟ್ಟ ನದಿ ಅದು, ಆ ಉಪಕಾರ ದೊಡ್ಡದು. ಅದಕ್ಕಾಗಿ ಮನೆಮಠ ಬಿಟ್ಟ ಮುಳುಗಡೆ ಕುಟುಂಬಗಳ ಬವಣೆ ಇನ್ನೂ ಪೂರ್ತಿ ತೀರಿಲ್ಲ.

ಅಣೆಕಟ್ಟಿನಿಂದ ಅಳಿವೆಗೆ ಆದದ್ದು ನೀರಿನ ಕೊರತೆ ಎಂದು ಬಹಳ ಜನ ಭಾವಿಸುತ್ತಾರೆ. ಶರಾವತಿಯಲ್ಲಿ ಆದದ್ದು ಅದಲ್ಲ. ಬೇಸಿಗೆಯಲ್ಲಿ ನೀರು ಹೆಚ್ಚಾಯಿತು. ಮಾರ್ಚ್, ಏಪ್ರಿಲ್‌ನಲ್ಲಿ ಬೆಂಗಳೂರಿನ ಫ್ಯಾನು ಜೋರಾಗಿ ತಿರುಗಿದಷ್ಟೂ ಗೇರುಸೊಪ್ಪದಿಂದ ಸಿಹಿನೀರು ಕೆಳಗಿಳಿಯುತ್ತದೆ. ಕಡಲು ಒಳಬರಬೇಕಾದ ಹೊತ್ತಿಗೆ ನದಿ ಅದನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಉಪ್ಪು ಮೇಲೇರುವುದೇ ಇಲ್ಲ. ಶರಾವತಿ ಅಳಿವೆಯ ಚಿಪ್ಪಿ ಸಂಪತ್ತು ಕುಸಿಯಲು ಹೀಗೆ ಸದಾ ಹರಿದುಬರುವ ಸಿಹಿನೀರೇ ಮುಖ್ಯ ಕಾರಣ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಅದೇ ತಂಡದ ಸಂಶೋಧಕರು ದಾಖಲಿಸಿದ್ದಾರೆ. ಅಘನಾಶಿನಿಯ ಜೊತೆಗಿಟ್ಟು ಹೋಲಿಸಿದಾಗಲೇ ಅವರಿಗೆ ಇದು ಸ್ಪಷ್ಟವಾದದ್ದು. ಕಟ್ಟದೆ ಬಿಟ್ಟ ಒಂದು ನದಿ ಪಕ್ಕದಲ್ಲಿ ಇಲ್ಲದೇ ಹೋಗಿದ್ದರೆ ಹೋಲಿಸಲು ಏನೂ ಇರುತ್ತಿರಲಿಲ್ಲ. ಅಘನಾಶಿನಿಯನ್ನು ಹಾಗೆಯೇ ಬಿಡಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಬೇಸಿಗೆಯ ಉಪ್ಪನ್ನು ತಡೆದರೆ ಏನಾಗುತ್ತದೆ ಎಂಬುದಕ್ಕೆ ಕೇರಳದವರು ಇನ್ನೂ ದೊಡ್ಡ ಪಾಠ ಕಲಿತಿದ್ದಾರೆ. ಕುಟ್ಟನಾಡಿನ ಭತ್ತದ ಗದ್ದೆಗೆ ಉಪ್ಪುನೀರು ನುಗ್ಗಬಾರದೆಂದು 1970ರ ದಶಕದಲ್ಲಿ ವೆಂಬನಾಡ್ ಹಿನ್ನೀರಿಗೆ ಅಡ್ಡಲಾಗಿ ತಣ್ಣೀರ್‌ಮುಕ್ಕಂ ಒಡ್ಡು ಕಟ್ಟಿದರು. ಡಿಸೆಂಬರ್‌ನಿಂದ ಬೇಸಿಗೆಯುದ್ದಕ್ಕೂ ಅದರ ಬಾಗಿಲು ಮುಚ್ಚುವುದು ರೂಢಿಯಾಯಿತು. ಒಳಗಿನ ನೀರು ನಿಂತು ಜಲಕಳೆ ಹಬ್ಬಿತು. ಮೊದಲೆಲ್ಲ ಉಪ್ಪು ಬಂದು ಆ ಕಳೆಯನ್ನು ಕೊಲ್ಲುತ್ತಿತ್ತು. ಅಲ್ಲಿನ ಹೆಸರಾಂತ ಸಿಹಿನೀರಿನ ದೊಡ್ಡ ಸೀಗಡಿ ಮರಿ ಬಿಡಲು ಉಪ್ಪುಮಿಶ್ರಿತ ನೀರಿಗೆ ಇಳಿಯಲೇಬೇಕು. ದಾರಿಗೆ ಬಾಗಿಲು ಬಿದ್ದ ಮೇಲೆ ಅದರ ಹುಲುಸು ಇಳಿಯಿತು. ಬಾಗಿಲನ್ನು ಯಾವಾಗ ತೆರೆಯಬೇಕು ಎಂಬುದು ಅಲ್ಲಿ ರೈತರು, ಮೀನುಗಾರರ ನಡುವಿನ ಹಳೆಯ ಜಗಳ. ನನ್ನ ಮಟ್ಟಿಗೆ ಆ ಜಗಳ ಹೇಳುವುದಿಷ್ಟೇ: ಅಳಿವೆಯ ಯಾವ ಬಾಗಿಲನ್ನೂ ಒಬ್ಬರ ತಾರೀಕಿನಂತೆ ಮುಚ್ಚುವ ಹಕ್ಕು ಯಾರಿಗೂ ಇಲ್ಲ.

ನೆರೆಯನ್ನು ತಡೆದರೆ ಏನಾಗುತ್ತದೆ ಎಂಬುದಕ್ಕೆ ನೈಲ್ ನದಿ ಇದೆ. ಪ್ರತಿ ವರ್ಷ ಮಳೆಗಾಲದ ಕೊನೆಯಲ್ಲಿ ಇಥಿಯೋಪಿಯಾದ ಬೆಟ್ಟಗಳ ನೆರೆ ಈಜಿಪ್ಟ್ ತಲುಪಿ, ನದೀಮುಖದ ಕಡಲು ಪಾಚಿಯಿಂದ ಹಸಿರಾಗುತ್ತಿತ್ತು. ಆ ಹಸಿರನ್ನು ಮೇಯಲು ತಾರಲೆಯ ಬಳಗದ ಮೀನು ಹಿಂಡುಹಿಂಡಾಗಿ ಬರುತ್ತಿತ್ತು. 1964ರಲ್ಲಿ ಅಸ್ವಾನ್‌ನ ದೊಡ್ಡ ಅಣೆಕಟ್ಟು ನೀರು ಹಿಡಿಯತೊಡಗಿತು. 1962ರಲ್ಲಿ ಸುಮಾರು 18 ಸಾವಿರ ಟನ್ ಇದ್ದ ಆ ಮೀನಿನ ಹಿಡುವಳಿ ಆ ದಶಕ ಮುಗಿಯುವುದರೊಳಗೆ ಕೆಲವೇ ನೂರು ಟನ್‌ಗೆ ಇಳಿಯಿತು. ಕೆಲವು ದಶಕಗಳ ನಂತರ ಮೀನು ಒಂದಿಷ್ಟು ಮರಳಿತು. ಆ ಹೊತ್ತಿಗೆ ನೈಲ್ ಕಡಲಿಗೆ ಹೊರುತ್ತಿದ್ದುದು ಗದ್ದೆಗಳಿಂದ ತೊಳೆದು ಬಂದ ರಸಗೊಬ್ಬರ ಮತ್ತು ಊರುಗಳ ಕೊಳಚೆ. ಅದನ್ನು ಚೇತರಿಕೆ ಎನ್ನಲು ನನಗೆ ಮನಸ್ಸಿಲ್ಲ.

ನಮ್ಮ ಕಡಲಿನ ಸಂಗತಿ ಪೂರ್ತಿ ಹಾಗಲ್ಲ ಎಂಬುದನ್ನೂ ಹೇಳಬೇಕು. ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ತಳದ ತಣ್ಣನೆಯ ನೀರು ದಡದ ಕಡೆ ಮೇಲೆದ್ದು ಬರುತ್ತದೆ. ಬಂಗಡೆ, ತಾರಲೆಗೆ ಬೇಕಾದ ಸಾರದ ದೊಡ್ಡ ಪಾಲು ಅದರಿಂದಲೇ. ಹೊರಗಡಲಿನ ಮೀನೆಲ್ಲ ನದಿಯ ಕೊಡುಗೆ ಎಂದು ವಾದಿಸಿದರೆ ವಿಜ್ಞಾನ ಒಪ್ಪುವುದಿಲ್ಲ, ಅಳಿವೆ ಉಳಿಸುವವರ ಮಾತಿಗೂ ಅದರಿಂದ ಬಲ ಬರುವುದಿಲ್ಲ. ಆದರೆ ದಡಕ್ಕೆ ಹತ್ತಿರದ ಕೊಲ್ಲಿಗಳಲ್ಲಿ, ಅಳಿವೆಗಳ ಒಳಗೆ ನದಿಯ ಮಾತೇ ನಡೆಯುತ್ತದೆ. ಸೂಕ್ಷ್ಮ ಪಾಚಿಗಳಲ್ಲಿ ಒಂದು ಮುಖ್ಯ ಬಗೆ ತನ್ನ ಹೊರಕವಚ ಕಟ್ಟಲು ಸಿಲಿಕಾ ಬೇಡುತ್ತದೆ. ಘಟ್ಟದ ಕಲ್ಲು ಕರಗಿ ಬರುವ ಸಿಲಿಕಾ ಅದು. ಜಲಾಶಯದಲ್ಲಿ ನೀರು ನಿಂತಾಗ ಅದರ ಒಂದು ಪಾಲು ಅಲ್ಲೇ ತಳ ಸೇರುತ್ತದೆ. ಮರಳೂ ಹಾಗೆಯೇ. ಕಡಲ್ಕೊರೆತಕ್ಕೆ ಕಲ್ಲು ಸುರಿಯಲು ವರ್ಷ ವರ್ಷ ಹಣ ಹುಡುಕುವ ನಾವು, ದಡ ಕಟ್ಟಬೇಕಿದ್ದ ಮರಳು ಜಲಾಶಯಗಳ ತಳದಲ್ಲಿ ಕೂತಿರುವುದನ್ನು ನೆನೆಯುವುದು ಅಪರೂಪ.

ನೆರೆಯ ವಿಷಯ ಬಂದಾಗ ಕಾಳಿ ನದಿಯ ದಂಡೆಯವರು ಕೇಳುವ ಮಾತೊಂದಿದೆ: ಅಣೆಕಟ್ಟಿದ್ದೂ ನಮ್ಮ ಮನೆಗೆ ನೀರು ನುಗ್ಗಿತಲ್ಲ? 2019ರ ಆಗಸ್ಟ್‌ನಲ್ಲಿ ಆ ನದಿಯ ಕದ್ರಾ ಜಲಾಶಯದಿಂದ ನೀರು ಬಿಟ್ಟಾಗ ಕೆಳಗಿನ ಊರುಗಳು ಮುಳುಗಿದ್ದವು. ತುಂಬಿದ ಜಲಾಶಯ ನೆರೆಯನ್ನು ಕೂಡಿಟ್ಟುಕೊಂಡು ಒಮ್ಮೆಲೇ ಬಿಡುತ್ತದೆ. ದಿನದಿನ ಏರುವ ನೀರಿಗೆ ಮೀನೂ ಸರಿದುಕೊಳ್ಳುತ್ತದೆ, ಮನುಷ್ಯರೂ ಸರಿದುಕೊಳ್ಳುತ್ತಾರೆ. ಹೀಗೆ ಒಮ್ಮೆಲೇ ಬರುವ ನೀರಿನೆದುರು ಇಬ್ಬರಿಗೂ ಸಮಯ ಸಿಗುವುದಿಲ್ಲ.

ಹಾಗಾದರೆ ಒಂದು ಹನಿಯನ್ನೂ ತಿರುಗಿಸಬಾರದೇ ಎಂದು ಕೇಳುತ್ತೀರಿ. ನಾನು ಹಾಗೆ ಹೇಳುತ್ತಿಲ್ಲ. ಕುಡಿಯುವ ನೀರಿಗೆ ಮೊದಲ ಹಕ್ಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನನ್ನ ತಕರಾರು ಲೆಕ್ಕದ ಮೇಲೆ. ‘ಹೆಚ್ಚುವರಿ’ ಎಂದು ಬರೆಯುವ ಮುನ್ನ ಅಳಿವೆಯ ಪಾಲನ್ನು ತೆಗೆದಿಟ್ಟಿದ್ದೀರಾ? ಯೋಜನಾ ವರದಿಯಲ್ಲಿ ವಾರ್ಷಿಕ ಟಿಎಂಸಿ ಜೊತೆಗೆ ತಿಂಗಳುವಾರು ಹರಿವು ಇದೆಯೇ? ನೀರು ತಿರುಗಿಸಿದ ಮೇಲೆ ಜುಲೈನಲ್ಲಿ ಅಳಿವೆಯ ಉಪ್ಪು ಎಷ್ಟು, ನವೆಂಬರ್‌ನಲ್ಲಿ ಎಷ್ಟು, ಏಪ್ರಿಲ್‌ನಲ್ಲಿ ಎಷ್ಟು ಎಂಬ ಅಂದಾಜು ಇದೆಯೇ? ಸಾರ್ವಜನಿಕ ಅಹವಾಲು ಸಭೆ ಘಟ್ಟದ ಮೇಲಿನ ಊರಿನಲ್ಲಿ ಮಾತ್ರ ನಡೆಯುತ್ತದೆಯೇ, ಅಥವಾ ತದಡಿಯ, ಐಗಳಕುರ್ವೆಯ ಚಿಪ್ಪಿ ತೆಗೆಯುವ ಹೆಂಗಸರಿಗೂ ಅಲ್ಲಿ ಒಂದು ಕುರ್ಚಿ ಇರುತ್ತದೆಯೇ? ಅವರ ಹೆಸರಿನಲ್ಲಿ ಪಹಣಿ ಇಲ್ಲ. ಯೋಜನೆಯಿಂದ ಅವರು ಕಳೆದುಕೊಳ್ಳುವುದಕ್ಕೆ ಪರಿಹಾರದ ಯಾವ ನಮೂನೆಯಲ್ಲೂ ಜಾಗವಿಲ್ಲ.

ಶರಾವತಿಯ ವಿಷಯದಲ್ಲಿ ಕಟ್ಟಿದ್ದನ್ನು ಕೆಡವಿ ಎಂದು ಯಾರೂ ಕೇಳುತ್ತಿಲ್ಲ. ಆದರೆ 1964ರಲ್ಲಿ ರಾಜ್ಯದ ವಿದ್ಯುತ್ತಿಗೆ ಇದ್ದ ಆಸರೆಯೇ ಬೇರೆ, ಈಗಿನದೇ ಬೇರೆ. ಪಾವಗಡದ ಸೋಲಾರ್ ಪಾರ್ಕ್ ಒಂದರದೇ ಸಾಮರ್ಥ್ಯ 2,050 ಮೆಗಾವಾಟ್. ಹಗಲಿನ ಬೇಡಿಕೆಗೆ ಸೂರ್ಯ ಹೆಗಲು ಕೊಡುವ ಈ ಕಾಲದಲ್ಲಿ, ಚಳಿಗಾಲದಿಂದ ಬೇಸಿಗೆಯವರೆಗಿನ ಅವಧಿಯಲ್ಲಿ ಕೆಲವು ವಾರವಾದರೂ ಗೇರುಸೊಪ್ಪದ ಹರಿವನ್ನು ತಗ್ಗಿಸಿ ಹೊನ್ನಾವರದ ಅಳಿವೆಗೆ ಉಪ್ಪು ಏರಲು ಅವಕಾಶ ಕೊಡಬಹುದೇ ಎಂದು ಲೆಕ್ಕ ಹಾಕಿ ನೋಡುವುದು ಅಸಾಧ್ಯದ ಕೆಲಸವಲ್ಲ. ಶರಾವತಿಯ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ನೀರನ್ನು ಮೇಲೆ ಕೆಳಗೆ ಮಾಡುವ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಪ್ರಸ್ತಾವದ ಸುತ್ತ ಈಗ ಕಾಡಿನ ಬಗ್ಗೆ, ಸಿಂಗಳೀಕಗಳ ಬಗ್ಗೆ ಮಾತು ನಡೆಯುತ್ತಿದೆ. ನಡೆಯಲೇಬೇಕು. ಅದೇ ಸಭೆಯಲ್ಲಿ ಹೊನ್ನಾವರದವರು ಎದ್ದುನಿಂತು, ಗೇರುಸೊಪ್ಪದಿಂದ ಕೆಳಕ್ಕೆ ಯಾವ ತಿಂಗಳು ಎಷ್ಟು ನೀರು ಬಿಡುತ್ತೀರಿ ಎಂದು ಕೇಳಬೇಕು, ಉತ್ತರವನ್ನು ಬರಹದಲ್ಲೇ ಪಡೆಯಬೇಕು.